ಹರಾಜಿನ ಮಾವ ಮತ್ತು ಕರೆಂಟಿನ ದರ

ಬಿಲ್ಲು ಬಂದಾಗ ನಾನು ಮೊಣಕೈತನಕ ಜೇಡಿಮಣ್ಣಿನಲ್ಲಿ ಮುಳುಗಿದ್ದೆ. ಮಗಳು ಅದನ್ನು ಬಾಗಿಲಲ್ಲೇ ನಿಂತು ಒಮ್ಮೆ ಓದಿದಳು, ನಡೆಯುತ್ತಾ ಇನ್ನೊಮ್ಮೆ ಓದಿದಳು, ಆಮೇಲೆ ಹಿತ್ತಿಲ ಕೋಣೆಗೆ ಬಂದು ನನ್ನ ಮೂಗಿನ ಮುಂದೆ ಹಿಡಿದಳು. ಕರೆಂಟಿನ ಬಿಲ್ಲು ಕಳೆದ ತಿಂಗಳ ಎರಡರಷ್ಟನ್ನೂ ದಾಟಿತ್ತು. ಹೆಸರು ನಮ್ಮದೇ, ಮೀಟರೂ ನಮ್ಮದೇ. ಆದರೆ ಯಾವಾಗಲೂ 'ಗೃಹಬಳಕೆ' ಎಂದು ಇರುತ್ತಿದ್ದ ಜಾಗದಲ್ಲಿ 'ವಾಣಿಜ್ಯ' ಎಂದು ಅಚ್ಚಾಗಿತ್ತು. ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವು ಯಾವುದಕ್ಕೂ ಒಪ್ಪಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಮನೆಯಲ್ಲಿ ಇರುವವರು ನಾಲ್ಕು ಜನ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು. ಅವನಿಗೆ ಸಿಟ್ಟು ಬರಬೇಕಾದರೆ ಮೊದಲು ಅರ್ಜಿ ಹಾಕಿಕೊಂಡು ಕಾಯಬೇಕು. ಮಗಳು ಕಾಲೇಜಿಗೆ ಹೋಗುತ್ತಾಳೆ, ಸದ್ಯಕ್ಕೆ ದೊಡ್ಡವರನ್ನು ಅಣಕಿಸುವುದೇ ಅವಳ ಮುಖ್ಯ ವಿಷಯ. ಮಾವ ತಮ್ಮ ಆಯುಷ್ಯವೆಲ್ಲ ಹರಾಜು ಕೂಗಿದವರು. ಇನ್ನು ನಾನು ಬೆಳಗಿನ ಹೊತ್ತು ಹಲ್ಲಿನ ಡಾಕ್ಟರೊಬ್ಬರ ಹತ್ತಿರ ರೋಗಿಗಳ ಹಲ್ಲುಸಾಲಿನ ಅಚ್ಚು ತೆಗೆಯುತ್ತೇನೆ. ಬೀದಿಯಲ್ಲಿ ನಕ್ಕವರ ಮುಖ ಮರೆತರೂ ದವಡೆ ನೆನಪಾಗುತ್ತದೆ. ಮಧ್ಯಾಹ್ನ ಮನೆಗೆ ಬಂದರೆ ಹಿತ್ತಿಲ ಕೋಣೆಯಲ್ಲಿ ಮಣ್ಣು, ತಿಗರಿಯ ಚಕ್ರ, ಭಟ್ಟಿ ಇವುಗಳ ಜೊತೆ ನನ್ನ ಸಂಸಾರ.

ಭಟ್ಟಿ ಎಂದರೆ ಮಡಕೆ, ಬಟ್ಟಲು ಸುಡುವ ಕರೆಂಟಿನ ಭಟ್ಟಿ. ದಪ್ಪ ಇಟ್ಟಿಗೆಯ ಗೋಡೆ, ಒಳಗೆ ಸುರುಳಿ ಸುರುಳಿ ತಂತಿ, ಮೇಲೆ ಎತ್ತಿ ತೆಗೆಯುವ ಮುಚ್ಚಳ. ಬಾಗಿಲು ಮುಚ್ಚಿದ ಒಂದು ಕಲಾಶಾಲೆಯ ಸಾಮಾನು ಹರಾಜಿಗೆ ಬಂದಾಗ ಮಾವ ಇದನ್ನು ಗಂಟಲು ಹರಿಯುವ ಹಾಗೆ ಕೂಗಿದ್ದರಂತೆ. ಒಬ್ಬನೂ ಬೆಲೆ ಹೇಳಲಿಲ್ಲ. ಅವರ ಅನುಭವದಲ್ಲಿ ಹಾಗಾದದ್ದು ಅದೊಂದೇ ಸಲ. ಅವಮಾನ ತಡೆಯಲಾರದೆ ತಾವೇ ಕೊಂಡು, ಗಾಡಿ ಮಾಡಿಸಿ ಮನೆಗೆ ತಂದು, ಸೊಸೆಗೆ ಬೇಕು ಅಂತಲೇ ಹುಡುಕಿ ತಂದೆ ಎಂದು ಬೀದಿಗೆಲ್ಲ ಹೇಳಿದರು. ನಾನು ಅದುವರೆಗೆ ಮಣ್ಣು ಮುಟ್ಟಿದವಳೇ ಅಲ್ಲ. ಆಮೇಲೆ ಅದೇ ನನ್ನ ಜೀವವಾಯಿತು.

ನಾನು ಬೆನ್ನು ಹತ್ತಿದ್ದು ಒಂದು ಬಣ್ಣದ ಹಿಂದೆ. ತಾಮ್ರದ ಪುಡಿ ಬೆರೆಸಿದ ಲೇಪ ಸರಿಯಾಗಿ ಕರಗಿ ಸರಿಯಾಗಿ ಆರಿದರೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ ಬರುತ್ತದೆ. ನನಗೆ ಬರುತ್ತಿದ್ದದ್ದು ಪಾಚಿ. ವರ್ಷಗಟ್ಟಲೆ ಪಾಚಿ. ನಮ್ಮ ಅಡುಗೆಮನೆಯ ಬಟ್ಟಲುಗಳೆಲ್ಲ ಪಾಚಿ ಬಣ್ಣದವು, ನೆಂಟರಿಷ್ಟರಿಗೆ ಕೊಟ್ಟದ್ದೂ ಪಾಚಿ ಬಣ್ಣದ್ದೇ. ಅವರು ಬಹಳ ಚೆನ್ನಾಗಿದೆ ಎಂದು ಹೇಳಿ ಗಿಡದ ಕೆಳಗೆ ಇಟ್ಟುಕೊಂಡಿದ್ದಾರೆ. ಇತ್ತೀಚೆಗೆ ತಪ್ಪು ಎಲ್ಲಿದೆ ಎಂದು ಹೊಳೆದಿತ್ತು. ಸುಟ್ಟ ಮೇಲೆ ಭಟ್ಟಿಯನ್ನು ಒಮ್ಮೆಲೇ ಆರಿಸಬಾರದು, ಸಣ್ಣ ಉರಿಯಲ್ಲಿ ತಡೆತಡೆದು ಇಳಿಸಬೇಕು. ಅದಕ್ಕೆ ಇನ್ನಷ್ಟು ಕರೆಂಟು ಬೇಕು. ಅಷ್ಟರಲ್ಲಿ ಈ ಬಿಲ್ಲು.

ಸಂಜೆ ಗಂಡ ಬಂದು, ತನ್ನ ಕನ್ನಡಕ ಒರೆಸಿಕೊಂಡು ಬಿಲ್ಲನ್ನು ಓದಿದ.

"ಈ ದರ ಇದ್ರೆ ಭಟ್ಟಿ ಹಚ್ಚೋಕಾಗಲ್ಲ," ಎಂದ. "ಪ್ಲಗ್ ಕಿತ್ತಿಡಬೇಕಾಗತ್ತೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬಣ್ಣ ಕೈಗೆ ಸಿಗುವ ಹೊತ್ತಿಗೆ ಭಟ್ಟಿಯ ಬಾಯಿ ಮುಚ್ಚುವುದೆಂದರೆ ನನ್ನ ಬಾಯಿಗೆ ಮಣ್ಣು ಹಾಕಿದಂತೆಯೇ. ಈ ದರವನ್ನು ಹಿಂದಕ್ಕೆ ತಿರುಗಿಸದಿದ್ದರೆ ನಾನು ನನ್ನ ತಾಯಿಯ ಮಗಳೇ ಅಲ್ಲ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಸಿಟ್ಟಿನಲ್ಲಿ ಒಂದು ಉತ್ಸಾಹವೂ ಇತ್ತು. ಬಹಳ ದಿನದಿಂದ ನಾನು ಯಾರ ಜೊತೆಗೂ ಸರಿಯಾಗಿ ಜಗಳ ಆಡಿರಲಿಲ್ಲ.

ಮೊದಲು ಫೋನು. ಕಂಪನಿಯ ಫೋನಿನಲ್ಲಿ ಒಬ್ಬಳು ಹೆಂಗಸು ಜೇನಿನಂಥ ದನಿಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಾಳೆ. ಎಲ್ಲವನ್ನೂ ಒತ್ತಿದ ಮೇಲೆ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಪಿಟೀಲು ಹಾಕುತ್ತಾಳೆ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಂದು ಹೂಜಿ ಮುಗಿಸಿದೆ, ಅದಕ್ಕೆ ಹಿಡಿಯನ್ನೂ ಹಚ್ಚಿದೆ. ಪಿಟೀಲು ನಿಲ್ಲಲಿಲ್ಲ. ಮರುದಿನ ಡಾಕ್ಟರ ಹತ್ತಿರ ರಜೆ ಕೇಳಿ ಕಂಪನಿಯ ಕಚೇರಿಗೇ ಹೋದೆ.

ಕಚೇರಿಯಲ್ಲಿ ಉದ್ದನೆಯ ಗಾಜಿನ ಗೋಡೆ, ಗಾಜಿನಲ್ಲಿ ಮಾತಾಡಲು ಒಂದು ತೂತು. ಆ ತೂತು ಎಷ್ಟು ಕೆಳಗಿತ್ತೆಂದರೆ ಎಷ್ಟೇ ಸಿಟ್ಟಿನಿಂದ ಬಂದವರೂ ಬಗ್ಗಿ ನಮಸ್ಕಾರ ಮಾಡಿದಂತೆಯೇ ಮಾತಾಡಬೇಕು. ನಾನೂ ಬಗ್ಗಿದೆ. ಒಳಗಿದ್ದ ಗುಮಾಸ್ತ ಒಳ್ಳೆಯವನೇ, ತಾಳ್ಮೆಯಿಂದ ಕೇಳಿಸಿಕೊಂಡ. ಕಂಪ್ಯೂಟರಿನಲ್ಲಿ ಏನೋ ತೆಗೆದು ನೋಡಿ, ಮುಖ ಗಂಟಿಕ್ಕಿ, ಮತ್ತೆ ನನ್ನನ್ನು ನೋಡಿದ. ಎರಡು ತಿಂಗಳ ಹಿಂದೆ ಕಂಪನಿಯವರು ಮನೆಮನೆಗೆ ಸರ್ವೆಗೆ ಬಂದಿದ್ದರಂತೆ. ನಮ್ಮ ಮನೆಯಿಂದ ಸಿಕ್ಕ ಮಾಹಿತಿಯ ಪ್ರಕಾರ ಅಲ್ಲಿ ಪಿಂಗಾಣಿ ಕಾರ್ಖಾನೆ ಇದೆ, ತಯಾರಾದ ಸಾಮಾನು ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತದೆ, ಬೇಡಿಕೆ ಪೂರೈಸಲಾಗದೆ ಮಾಲೀಕರು ಕಷ್ಟಪಡುತ್ತಿದ್ದಾರೆ.

"ಇದನ್ನ ಹೇಳಿದ್ದು ಯಾರು?" ಎಂದು ಕೇಳಿದೆ.

"ಮನೆಯ ಹಿರಿಯರು ಅಂತ ಇದೆ ಮೇಡಂ."

ಕೇಳಬೇಕಾಗಿಯೇ ಇರಲಿಲ್ಲ. ಮನೆ ತಲುಪುವಷ್ಟರಲ್ಲಿ ನನ್ನ ತಲೆ ಕುದಿಯುತ್ತಿತ್ತು. ಮಾವ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರಿನವನಿಗೆ ತಮ್ಮ ಸೈಕಲ್ಲಿನ ಚರಿತ್ರೆ ಹೇಳುತ್ತಿದ್ದರು.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಸುಳ್ಳುಗಾರರಲ್ಲ. ಹರಾಜಿನ ಕಟ್ಟೆಯ ಮೇಲೆ ನಿಂತು ನಿಂತು ಅವರಿಗೆ ಒಂದು ವಸ್ತುವನ್ನು ಅದು ಇರುವ ಅಳತೆಯಲ್ಲಿ ಹೇಳಲು ಬರುವುದಿಲ್ಲ, ಅಷ್ಟೆ. ಕಾಲು ಮುರಿದ ಮೇಜನ್ನು ಯಾವುದೋ ಅರಮನೆಯಿಂದ ಬಂದದ್ದು ಎನ್ನುತ್ತಾರೆ. ನನ್ನ ಮದುವೆಗೆ ಮುಂಚೆ ನಮ್ಮ ಮನೆಗೆ ಬಂದು ತಮ್ಮ ಮಗನ ಬಗ್ಗೆ ಅವರು ಬಿಟ್ಟ ರೈಲಿನ ಕೊನೆಯ ಡಬ್ಬಿ ಇನ್ನೂ ನಿಲ್ದಾಣಕ್ಕೆ ಬಂದಿಲ್ಲ. ಹಡಗಿನ ಮಾತಿನಲ್ಲೂ ಒಂದು ಚೂರು ನಿಜವಿತ್ತು. ನನ್ನ ಮೈದುನ ಸರಕು ಹಡಗೊಂದರಲ್ಲಿ ಅಡುಗೆಯವನು. ಹೋದ ಸಲ ರಜೆಗೆ ಬಂದವನು ನನ್ನ ಎರಡು ಬಟ್ಟಲು ತೆಗೆದುಕೊಂಡು ಹೋಗಿದ್ದ. ಒಂದರಲ್ಲಿ ಸೋಪು ಇಟ್ಟಿದ್ದಾನಂತೆ.

ನಾನು ಪೇಪರಿನವನು ಹೋಗುವವರೆಗೂ ತಡೆದುಕೊಂಡೆ. ಆಮೇಲೆ ತಡೆದುಕೊಳ್ಳಲಿಲ್ಲ. ನಿಮ್ಮ ನಾಲಿಗೆಯಿಂದ ನನ್ನ ಭಟ್ಟಿ ಆರಿತು ಎಂದೆ, ಇಷ್ಟು ವರ್ಷದಲ್ಲಿ ಅವರಿಗೆ ಅಂದಿರದ ಇನ್ನೂ ನಾಲ್ಕು ಮಾತು ಅಂದೆ. ಮಾವನ ಮುಖ ಬಿಳುಚಿಕೊಂಡಿತು. ಮೆಲ್ಲಗೆ ಹೇಳಿದರು.

"ಸರ್ವೆಯವನು ನಿನ್ನ ಬಟ್ಟಲು ಎತ್ತಿ ನೋಡಿ, ಇದೆಲ್ಲ ಯಾಕೆ ಕೂಡಿ ಹಾಕಿದೀರಿ ಅಂತ ಮೂಗು ಮುರಿದ ಕಣಮ್ಮ. ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ನಾನು ಒಳಗೆ ಹೋಗಿ ಮಣ್ಣನ್ನು ಹಲಗೆಯ ಮೇಲೆ ಬಡಿದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಬಡಿದೆ.

ಅಲ್ಲಿಂದ ಶುರುವಾಯಿತು ನನ್ನ ಯುದ್ಧ. ಬಿಲ್ಲು ಕಟ್ಟಿ, ಜೊತೆಗೇ ಆಕ್ಷೇಪಣೆ ಬರೆದು ಕೊಟ್ಟೆ. ಗಾಜಿನ ತೂತಿಗೆ ಎಷ್ಟು ಸಲ ಬಗ್ಗಿದೆನೋ, ಗುಮಾಸ್ತನಿಗೆ ನನ್ನ ನಡುನೆತ್ತಿಯ ನರೆಗೂದಲಿನ ಪರಿಚಯವೂ ಆಯಿತು. ನಿಯಮ ಬಹಳ ಸರಳ ಎಂದು ಅವನು ವಿವರಿಸಿದ. ಮನೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಬಹುದು, ಎಷ್ಟು ಬೇಕಾದರೂ ಸುಟ್ಟುಕೊಳ್ಳಬಹುದು. ಆದರೆ ದುಡ್ಡಿಗೆ ಒಂದೇ ಒಂದು ವಸ್ತು ಮಾರಿದರೂ ಅದು ವ್ಯಾಪಾರ, ಅದಕ್ಕೆ ವಾಣಿಜ್ಯ ದರ. ನಾನು ಎದೆ ಸೆಟೆಸಿಕೊಂಡು, ಅಂದರೆ ಬಗ್ಗಿಕೊಂಡೇ ಸೆಟೆಸಿಕೊಂಡು, ಒಂದೂ ಮಾರಿಲ್ಲ ಎಂದೆ. ಕೊಂಡವರು ಯಾರಾದರೂ ಇದ್ದಾರಾ ಎಂದ. ಒಬ್ಬರೂ ಇಲ್ಲ ಎಂದೆ. ಯಾರಾದರೂ ಬೆಲೆಯನ್ನಾದರೂ ಕೇಳಿದ್ದುಂಟಾ ಎಂದ. ಇಲ್ಲಪ್ಪಾ, ಯಾರೂ ಕೇಳಿಲ್ಲ, ಇವತ್ತಿನವರೆಗೆ ಒಂದು ನರಪಿಳ್ಳೆಯೂ ಕೇಳಿಲ್ಲ ಎಂದು ಜೋರಾಗಿಯೇ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನ್ನ ಕಣ್ಣಲ್ಲಿ ನೀರು. ವಾದ ಗೆಲ್ಲುತ್ತಿದ್ದೆ, ಅದು ಗೊತ್ತಿತ್ತು. ಗೆಲ್ಲಲು ಹೇಳುತ್ತಿದ್ದದ್ದೆಲ್ಲ ನಿಜವಾಗಿತ್ತು ಎನ್ನುವುದೇ ಹೊಟ್ಟೆ ಉರಿಸುತ್ತಿತ್ತು. ಆದರೂ ಮರುದಿನ ಮತ್ತೆ ಹೋದೆ. ಹಳೆಯ ದರ ವಾಪಸ್ ಬಂದರೆ ಭಟ್ಟಿ ಉಳಿಯುತ್ತದೆ, ಭಟ್ಟಿ ಉಳಿದರೆ ಬಣ್ಣ ಬರುತ್ತದೆ, ಮಿಕ್ಕದ್ದು ಹಾಳಾಗಿ ಹೋಗಲಿ ಎಂದು ಹಲ್ಲು ಕಚ್ಚಿ ಪಟ್ಟು ಹಿಡಿದೆ.

ಈ ನಡುವೆ ಭಟ್ಟಿಯನ್ನು ಮುಟ್ಟಿರಲಿಲ್ಲ. ಒಂದು ಶುಕ್ರವಾರ ಮನಸ್ಸು ತಡೆಯಲಿಲ್ಲ. ತಡೆತಡೆದು ಆರಿಸುವ ಉಪಾಯವನ್ನು ಒಂದೇ ಒಂದು ಸಲ ಪರೀಕ್ಷೆ ಮಾಡದೆ ಹೋದರೆ ಜನ್ಮವಿಡೀ ಕೊರಗುತ್ತೇನೆ, ದರ ಎಷ್ಟಾದರೂ ಆಗಲಿ, ಇದೇ ಕೊನೆಯದಾದರೂ ಆಗಲಿ ಎಂದು ಇದ್ದಬದ್ದ ಹಸಿ ಸಾಮಾನಿಗೆಲ್ಲ ಲೇಪ ಬಳಿದು ಒಳಗೆ ತುಂಬಿಸಿ ಗುಂಡಿ ಒತ್ತಿದೆ. ಗಂಡ ನೋಡಿದ, ಹೋಗಿ ನಡುಮನೆಯ ದೀಪ ಆರಿಸಿ ಕತ್ತಲಲ್ಲಿ ಕೂತ. ಅವನ ಪ್ರೀತಿ ಹಾಗೆಯೇ ಇರುತ್ತದೆ. ಭಟ್ಟಿ ಕಾದು ಕೆಂಪಾಗುವ ಹೊತ್ತಿಗೆ ಗುಮಾಸ್ತನ ಫೋನು ಬಂತು. ಪರಿಶೀಲನೆಗೆ ಅಧಿಕಾರಿ ನಾಳೆಯೇ ಬರುತ್ತಾರೆ, ಭಟ್ಟಿಯನ್ನು ತೋರಿಸಬೇಕು, ಮನೆಯವರೆಲ್ಲ ಇರಬೇಕು.

ಮನೆಯಲ್ಲಿ ಗದ್ದಲವೋ ಗದ್ದಲ. ಎಲ್ಲಕ್ಕಿಂತ ದೊಡ್ಡ ಭಯ ಮಾವನ ಬಾಯಿ. ಅವರನ್ನು ಮಗಳು ತರಬೇತಿಗೆ ಕೂರಿಸಿದಳು. ಅವಳೇ ಅಧಿಕಾರಿಯಾಗಿ ಬಂದು ಕೋಣೆಯನ್ನೆಲ್ಲ ನೋಡಿ, ಅಜ್ಜಾ, ಈ ಬಟ್ಟಲು ಹೇಗಿದೆ ಎಂದು ಕೇಳುವುದು. ಅವರು ಸುಮಾರಾಗಿದೆ ಎನ್ನಬೇಕು. ಮೊದಲ ಸಲ ಅವರು, ಸುಮಾರಾಗಿದೆ, ಆದರೆ ಇಂಥ ಸುಮಾರು ಈ ಸೀಮೆಯಲ್ಲೇ ಇನ್ನೊಂದಿಲ್ಲ ಎಂದರು. ಮಗಳು ಮತ್ತೆ ಬಾಗಿಲಿಂದ ಬಂದಳು. ಮಾವ ಹಣೆಯ ಬೆವರು ಒರೆಸಿಕೊಂಡು ಪ್ರಯತ್ನಿಸಿದರು. ಸಣ್ಣದಾಗಿ ಮಾತಾಡುವುದು ಅವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದಂತೆ ಆಗುತ್ತಿತ್ತು. ಊಟದ ಹೊತ್ತಿಗೆ ಅಂತೂ ಇಂತೂ 'ಪರವಾಗಿಲ್ಲ' ಎನ್ನುವ ಮಟ್ಟಕ್ಕೆ ಬಂದರು. ಕೊನೆಗೆ ನಾನೇ ಹೋಗಿ ನಿಂತೆ.

"ಮಾವ, ನಾಳೆ ಒಂದು ದಿನ ನನ್ನ ಬಗ್ಗೆ, ನನ್ನ ಕೆಲಸದ ಬಗ್ಗೆ ಒಂದೂ ಒಳ್ಳೆ ಮಾತು ಆಡಬೇಡಿ. ನನ್ನಾಣೆ."

ಅವರು ಆಯಿತು ಎಂದು ತಲೆಯಾಡಿಸಿದರು.

ಅಧಿಕಾರಿ ಬಂದದ್ದು ಬೆಳಿಗ್ಗೆ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು. ನನ್ನದೇ ವಯಸ್ಸಿನ ಹೆಂಗಸು, ಚುರುಕು ಕಣ್ಣು, ಹೆಚ್ಚು ಮಾತಿಲ್ಲ. ಮೀಟರು ನೋಡಿದರು, ತಂತಿ ನೋಡಿದರು, ಹಿತ್ತಿಲ ಕೋಣೆಯ ಕಪಾಟುಗಳನ್ನು ಒಂದೊಂದಾಗಿ ನೋಡಿದರು. ಅವರ ಪರೀಕ್ಷೆಗೆ ಒಂದು ಕ್ರಮ ಇತ್ತು. ವ್ಯಾಪಾರ ಮಾಡುವವರ ಭಟ್ಟಿಯಲ್ಲಿ ಒಂದೇ ಥರದ ಸಾಮಾನು ಹತ್ತಾರು ಇರುತ್ತದಂತೆ. ಹಾಗಾಗಿ ಭಟ್ಟಿಯ ಒಳಗೆ ಏನಿದೆ ಎಂದು ನೋಡಲೇಬೇಕು ಎಂದರು. ಮುಚ್ಚಳಕ್ಕೆ ಕೈ ಹಾಕಲು ಹೋದರು. ನಾನು ಅಡ್ಡ ನಿಂತೆ. ಒಳಗೆ ಇನ್ನೂ ಬಿಸಿ ಇದೆ, ಈಗ ತೆಗೆದರೆ ತಣ್ಣನೆಯ ಗಾಳಿ ತಾಗಿ ಎಲ್ಲ ಬಿರುಕು ಬಿಡುತ್ತದೆ ಎಂದೆ. ಅವರ ಹುಬ್ಬು ಮೇಲೆ ಹೋಯಿತು, ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡರೇನೋ. ಒಡೆದರೆ ನಿಮ್ಮ ಕಂಪನಿ ತುಂಬಿಕೊಡುತ್ತದಾ ಎಂದು ಕೇಳಿಯೇಬಿಟ್ಟೆ. ಗಂಡ ಹಿಂದಿನಿಂದ ನನ್ನ ಸೆರಗು ಜಗ್ಗಿದ.

"ಸರಿ, ಕಾಯ್ತೀನಿ," ಎಂದು ಅವರು ಕುರ್ಚಿ ಎಳೆದುಕೊಂಡು ಭಟ್ಟಿಯ ಮುಂದೆಯೇ ಕೂತರು.

ಆ ಕಾಯುವಿಕೆ ಇತ್ತಲ್ಲ, ಅದನ್ನು ಶತ್ರುವಿಗೂ ಬಯಸುವುದಿಲ್ಲ. ನಾಲ್ಕು ಜನ ಬಾಯಿಗೆ ಬೀಗ ಹಾಕಿಕೊಂಡು ಒಂದು ಇಟ್ಟಿಗೆಯ ಡಬ್ಬಿಯನ್ನು ನೋಡುತ್ತಾ ಕೂತಿದ್ದೇವೆ. ಅಧಿಕಾರಿಗೆ ಬೇಸರ ಬಂದು ಗೋಡೆಯ ಗಡಿಯಾರ ತುಂಬಾ ಹಳೆಯದೇ ಎಂದು ಮಾವನನ್ನು ಕೇಳಿದರು. ಆ ಗಡಿಯಾರದ ಮೇಲೆ ಮಾವ ಅರ್ಧ ದಿನ ಮಾತಾಡಬಲ್ಲರು, ಅದರಲ್ಲಿ ಒಬ್ಬ ರಾಜಕುಮಾರಿಯೂ ಬರುತ್ತಾಳೆ. ಮಾವನ ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು.

"ಗಡಿಯಾರ," ಎಂದರು. "ಟೈಮ್ ತೋರ್ಸತ್ತೆ."

ಮಗಳು ಬಾಯಿಗೆ ದುಪಟ್ಟಾ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ನಗು ಬರಲಿಲ್ಲ. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ದರಕ್ಕೋ ಬಣ್ಣಕ್ಕೋ ನನಗೇ ಗೊತ್ತಿರಲಿಲ್ಲ. ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟೆ. ಕೊನೆಗೆ ಅಂಗೈ ಸುಡಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಮುಚ್ಚಳ ಎತ್ತಿದೆ.

ಮೊದಲು ಬಂದದ್ದು ಬಿಸಿ ಉಸಿರು. ಆಮೇಲೆ ಬಣ್ಣ.

ನಾನು ಒಂದು ಕ್ಷಣ ಎಲ್ಲರನ್ನೂ ಮರೆತೆ, ಅಧಿಕಾರಿಯನ್ನೂ ದರವನ್ನೂ ಮರೆತೆ. ಮೇಲಿನ ಸಾಲಿನಲ್ಲಿ ಒಂದು ಅಗಲ ಬೋಗುಣಿ ಇಟ್ಟಿದ್ದೆ. ಅದರ ಒಳಗೆಲ್ಲ ಆ ಬಣ್ಣ ತುಂಬಿ ನಿಂತಿತ್ತು, ನೀಲಿಯೂ ಅಲ್ಲ, ಹಸಿರೂ ಅಲ್ಲ, ಅಂಚಿಗೆ ಬರುತ್ತಾ ತೆಳುವಾಗಿ ತಳದಲ್ಲಿ ಗಾಢವಾಗಿ. ಪಾಚಿಯ ಸುಳಿವೂ ಇರಲಿಲ್ಲ. ಪಕ್ಕದ ಹೂಜಿಯೂ ಹಾಗೆಯೇ, ಕೆಳಗಿನ ಬಟ್ಟಲುಗಳೂ ಹಾಗೆಯೇ. ಬಂತು ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬಂತು ಬಂತು ಎಂದು ಹುಚ್ಚಿಯ ಹಾಗೆ ಅಂದುಕೊಳ್ಳುತ್ತಾ ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಇಟ್ಟೆ. ಗಂಡ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಾವ ಕುರ್ಚಿಯಿಂದ ಎದ್ದರು, ಬಾಯಿ ತೆರೆದರು, ನನ್ನನ್ನು ನೋಡಿ ಬಾಯಿ ಮುಚ್ಚಿ ಕೂತರು.

ಅಧಿಕಾರಿ ಮೇಜಿನ ಸುತ್ತ ಒಂದು ಸುತ್ತು ಬಂದರು. ಒಂದು ಇನ್ನೊಂದರಂತೆ ಇರಲಿಲ್ಲ. ಹೂಜಿಯ ಹಿಡಿ ಸೊಟ್ಟಗಿತ್ತು, ಫೋನಿನ ಪಿಟೀಲು ಕೇಳುತ್ತಾ ಹಚ್ಚಿದ ಹಿಡಿ ಅದು. ಒಂದು ಬಟ್ಟಲು ಕುಳ್ಳಗೆ, ಇನ್ನೊಂದು ಓರೆ. ಇದು ವ್ಯಾಪಾರದ ಸಾಮಾನಲ್ಲ ಎಂದರು, ನೇರವಾಗಿ, ಅನುಮಾನವೇ ಇಲ್ಲದ ಹಾಗೆ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ವರದಿ ಬರೆದರು. ಕಂಪನಿ ಮಾಡಿದ ಬದಲಾವಣೆ ತಪ್ಪು, ಗೃಹಬಳಕೆಯ ದರವೇ ಮುಂದುವರಿಯಬೇಕು, ಹೆಚ್ಚಿಗೆ ವಸೂಲಾದದ್ದು ವಾಪಸ್ಸಾಗಬೇಕು ಎಂದು ಓದಿ ಹೇಳಿದರು. ನನ್ನ ಸಹಿ ಒಂದು ಬಾಕಿ. ಗೆದ್ದೆವು. ಗಂಡ ಮುಖವರಳಿಸಿ ನಕ್ಕ, ಮದುವೆಯ ದಿನವೂ ಅವನು ಅಷ್ಟು ನಕ್ಕಿರಲಿಲ್ಲ.

ಪೆನ್ನು ನನ್ನ ಕೈಗೆ ಕೊಟ್ಟು ಅಧಿಕಾರಿ ಎದ್ದರು. ಹೊರಡುವ ಮುಂಚೆ ಆ ಅಗಲ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಕೆಳಗೆ ಇಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತರು.

"ಇದಕ್ಕೆ ಎಷ್ಟು?" ಎಂದರು.

ಕೇಳಿದ ಮರುಕ್ಷಣವೇ ಅವರಿಗೆ ತಾವು ಕೇಳಿದ್ದು ಏನೆಂದು ತಿಳಿಯಿತು. ಮುಖ ಕೆಂಪಾಯಿತು. ಬೇಡ, ಬಿಡಿ, ನಾನು ಕೇಳೇ ಇಲ್ಲ ಅಂದುಕೊಳ್ಳಿ ಎಂದರು. ಗಂಡ ಗಡಬಡಿಸಿ ಹಾಗೇ ತೆಗೆದುಕೊಂಡು ಹೋಗಿ ಎಂದ. ಬಿಟ್ಟಿ ಮುಟ್ಟುವ ಹಾಗಿಲ್ಲ, ಕೆಲಸಕ್ಕೇ ಕುತ್ತು ಎಂದು ಅವರು ತಲೆಯಾಡಿಸಿದರು. ಆದರೂ ಬೋಗುಣಿ ಅವರ ಕೈಯಲ್ಲೇ ಇತ್ತು.

ಆಗ ಮಾವ ಎದ್ದು ಬಂದರು. ಆಣೆ ಮುರಿಯಬಾರದೆಂದು ಇಡೀ ಬೆಳಿಗ್ಗೆ ಬೆವರಿದ ಮನುಷ್ಯ ಈಗ ಸೊಸೆಯ ಗೆಲುವನ್ನು ಕಾಪಾಡಲು ಟೊಂಕ ಕಟ್ಟಿ ನಿಂತರು.

"ಇದಕ್ಕೆಲ್ಲ ಯಾರು ಬೆಲೆ ಕಟ್ತಾರೆ ಮೇಡಂ," ಎಂದರು. "ಏನೋ ಹೊತ್ತು ಹೋಗ್ಲಿ ಅಂತ ಮಾಡ್ತಾಳೆ. ಹತ್ತು ಮಾಡಿದ್ರೆ ಒಂಬತ್ತು ಕಸಕ್ಕೆ. ಇದೂ ಅಷ್ಟೆ, ಮಣ್ಣು."

ಹೇಳುವಾಗ ಅವರ ಕಣ್ಣು ಬೋಗುಣಿಯ ಮೇಲೆ ಇರಲಿಲ್ಲ, ನೆಲದ ಮೇಲಿತ್ತು. ಒಡೆದ ತಟ್ಟೆಯನ್ನೂ ಆಕಾಶಕ್ಕೆ ಏರಿಸಿದ ಬಾಯಿ ಅದು. ಆ ಬಾಯಲ್ಲಿ ಈ ಮಾತನ್ನು ತುಂಬಿದವಳು ನಾನು. ಗಾಜಿನ ತೂತಿನ ಮುಂದೆ ಬಗ್ಗಿ ಬಗ್ಗಿ ನಾನೂ ಇದನ್ನೇ ಹೇಳುತ್ತಾ ಬಂದಿದ್ದೆ. ಆಗ ಅದು ನಿಜವಾಗಿತ್ತು. ಈಗ ಒಬ್ಬರು ಬೆಲೆ ಕೇಳಿದ್ದರು. ನನ್ನ ಕಿವಿಯಲ್ಲಿ ಎಷ್ಟು ಎನ್ನುವ ಆ ಒಂದು ಮಾತು ಗುಂಯ್‌ಗುಡುತ್ತಿತ್ತು, ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಎಲ್ಲರ ಮೇಲೂ ಕೂಗಾಡಬೇಕು ಎಂದೂ ಅನ್ನಿಸುತ್ತಿತ್ತು.

"ಮಾವ, ಸಾಕು," ಎಂದೆ. ಅಧಿಕಾರಿಯ ಕಡೆ ತಿರುಗಿ ಬೆಲೆ ಹೇಳಿದೆ.

ಯೋಚಿಸಿ ಹೇಳಿದ್ದಲ್ಲ. ಇಷ್ಟು ದಿನ ಜಗಳಾಡಿ ಜಗಳಾಡಿ ನನಗೆ ಒಂದೇ ಮೊತ್ತ ಬಾಯಿಪಾಠವಾಗಿತ್ತು. ವಾಣಿಜ್ಯ ದರದಲ್ಲಿ ಭಟ್ಟಿಯನ್ನು ಒಂದು ಸಲ ಹಚ್ಚಿ, ತಡೆತಡೆದು ಆರಿಸಲು ತಗಲುವ ಖರ್ಚು ಅದು. ಅದನ್ನೇ ಹೇಳಿದೆ. ಬೇರೆ ಯಾವ ಬೆಲೆಯೂ ನನಗೆ ಗೊತ್ತಿರಲಿಲ್ಲ. ಅಧಿಕಾರಿ ಕರೆಂಟಿನ ದರದ ಜೊತೆಗೇ ಬದುಕುವವರು, ಅರ್ಧ ಕ್ಷಣದಲ್ಲಿ ಅವರಿಗೆ ಲೆಕ್ಕ ಹೊಳೆಯಿತು. ಚೌಕಾಸಿ ಮಾಡಲಿಲ್ಲ.

"ಕೊಂಡ್ರೆ ನಾನು ವರದಿ ಬದಲಾಯಿಸಬೇಕಾಗತ್ತೆ," ಎಂದರು. "ನಿಮಗೆ ಗೊತ್ತಲ್ವಾ?"

"ಗೊತ್ತು. ಬದಲಾಯಿಸಿ."

ಗಂಡ ನನ್ನನ್ನು ನೋಡಿದ. ಅವನ ನಗು ಮೆಲ್ಲಗೆ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಪ್ಲಗ್ ಕೀಳುವ ಮಾತನ್ನು ಅವನು ಎತ್ತಲಿಲ್ಲ. ಮಗಳು ಬಂದು ನನ್ನ ಪಕ್ಕ ನಿಂತಳು. ಜೀವನದಲ್ಲಿ ಮೊದಲ ಸಲ ಅವಳಿಗೆ ಅಣಕಿಸಲು ಏನೂ ಸಿಗಲಿಲ್ಲ. ಮಾವ ಮುಖಕ್ಕೆ ಟವೆಲ್ಲು ಒತ್ತಿ ಹಿಡಿದಿದ್ದರು, ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ನಾನು ನೋಡಲು ಹೋಗಲಿಲ್ಲ.

ಅಧಿಕಾರಿ ಪರ್ಸಿನಿಂದ ನೋಟು ತೆಗೆದು ಕೊಟ್ಟರು, ಬೋಗುಣಿಯನ್ನು ಹಳೆ ಪೇಪರಿನಲ್ಲಿ ಸುತ್ತಿ ಹೆಲ್ಮೆಟ್ಟಿನೊಳಗೆ ಭದ್ರವಾಗಿ ಕೂರಿಸಿದರು. ಆಮೇಲೆ ಬರೆದ ಹಾಳೆಯನ್ನು ಹರಿದು, ಹೊಸದೊಂದನ್ನು ಹಲಗೆಗೆ ಸಿಕ್ಕಿಸಿ, ವಾಣಿಜ್ಯ ದರ ಎಂದು ಬರೆಯತೊಡಗಿದರು. ಅಷ್ಟು ಸುಲಭಕ್ಕೆ ಬಿಡುವವಳೇ ನಾನು? ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಸರ್ವೆ ನಡೆದ ದಿನದ ತಾರೀಕನ್ನು ಹಾಕಲು ಹೊರಟಿದ್ದರು.

"ಅಲ್ಲಿಂದ ಅಲ್ಲ," ಎಂದೆ. "ನಿನ್ನೆವರೆಗೆ ಯಾರೂ ಕೊಂಡಿಲ್ಲ. ನಿನ್ನೆವರೆಗೆ ಇದು ಮನೆ, ಅದರ ದುಡ್ಡು ವಾಪಸ್ ಬರಬೇಕು. ಇವತ್ತಿನ ತಾರೀಕು ಹಾಕಿ."

ಅವರು ತಲೆ ಎತ್ತಿ ನೋಡಿದರು. ಆ ಚುರುಕು ಕಣ್ಣಿನಲ್ಲಿ ಮೊದಲ ಸಲ ನಗು ಕಂಡಿತು. ತಾರೀಕು ತಿದ್ದಿದರು, ದುಡ್ಡು ವಾಪಸ್ಸಿನ ಮಾತನ್ನೂ ಸೇರಿಸಿದರು. ಕೆಳಗಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು.

"ಯಾವ ವ್ಯಾಪಾರ ಅಂತ ಬರೀಲಿ?"

"ಕುಂಬಾರಿಕೆ," ಎಂದೆ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿಯೇ ಎಂದೆ.